ಗಾಡಿ ನಿಂತ ಹೊತ್ತಿಗೆ ಕೂಲಿ ಯಾರದು?

ನವೆಂಬರ್ ಬಂತೆಂದರೆ ಶಿರಾಳಕೊಪ್ಪದಿಂದ ಆನವಟ್ಟಿಗೆ ಹೋಗುವ ರಸ್ತೆ ಅಲ್ಲಲ್ಲಿ ಅರ್ಧಕ್ಕರ್ಧ ಕಣವಾಗಿಬಿಡುತ್ತದೆ. ಒಂದು ಮಗ್ಗುಲಿಗೆ ಗೋವಿನಜೋಳ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟು, ಮನೆಯವರೊಬ್ಬರು ನೆರಳು ಹುಡುಕಿ ಕಾವಲು ಕೂತಿರುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಎಲ್ಲವೂ ಉಳಿದರ್ಧದಲ್ಲೇ ಹಾಯಬೇಕು. ಕುಬಟೂರಿನ ಸುತ್ತಮುತ್ತ ಡ್ರೈವರುಗಳಿಗೆ ಬೇಡಿಕೆ ಏರುವುದೂ ಇದೇ ಕಾಲಕ್ಕೆ. ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡು ಬಂದ ಹುಡುಗನಿಗೆ ಲಾರಿ ಸಾಹುಕಾರರು ಸಾಮಾನ್ಯವಾಗಿ ಹಾಕುವ ಮೊದಲ ಪ್ರಶ್ನೆ, "ಏನಪ್ಪಾ, ಇಲ್ಲೇ ಲೋಕಲ್ ಓಡಿಸ್ತೀಯೋ, ಲೈನಿಗೆ ಹೋಗ್ತೀಯೋ?"

ಈ ಪ್ರಶ್ನೆಗೆ ಊರಲ್ಲಿ ಸಿದ್ಧ ಉತ್ತರವೂ ಇದೆ. ಲೋಕಲ್ ಅಂದರೆ ರಾತ್ರಿ ಮನೆ ಊಟ, ಲೈನ್ ಅಂದರೆ ದೂರದ ದಾರಿ, ಕೈತುಂಬ ಕಾಸು. ಮದುವೆಯಾದವನು ಇಲ್ಲಿರಲಿ, ಆಗದವನು ಹೋಗಿ ದುಡಿದು ಬರಲಿ. ಕೇಳಲು ಸರಿಯಾಗಿಯೇ ಇದೆ. ಆದರೆ ಲಾರಿ ಕಟ್ಟೆಯ ಮೇಲೆ ಕೂತು ನಾಲ್ಕು ಜನ ಹಳೆಯ ಡ್ರೈವರುಗಳ ಮಾತು ಕೇಳಿದರೆ ಅವರು ದೂರದ ಲೆಕ್ಕ ಆಡುವುದು ಕಡಿಮೆ. ಎಲ್ಲಿ ಎಷ್ಟು ದಿನ ಕಾಯಿಸಿದರು, ಯಾವ ಗೇಟಿನಲ್ಲಿ ಸಾಲು ಎಷ್ಟುದ್ದ ಇತ್ತು, ವಾಪಸ್ ಲೋಡಿಗೆ ಎಷ್ಟು ದಿನ ಗಾಡಿ ಹಾಕಿಕೊಂಡು ಮಲಗಿದ್ದರು ಎಂಬುದೇ ಮಾತಿನ ಹೂರಣ. ಗಾಲಿ ತಿರುಗುವಾಗ ಎಲ್ಲರಿಗೂ ದುಡ್ಡಿದೆ. ನಿಂತಾಗ ಆ ಹೊತ್ತು ಯಾರ ತಲೆಗೆ ಬರುತ್ತದೆ ಎಂಬುದರ ಮೇಲೆ ಒಳ್ಳೆಯ ಕೆಲಸ, ಕೆಟ್ಟ ಕೆಲಸ ತೀರ್ಮಾನವಾಗುತ್ತದೆ ಎಂದು ನನಗನ್ನಿಸುತ್ತದೆ. ಲೋಕಲ್ಲೋ ಲೈನೋ ಎಂಬುದು ಆಮೇಲಿನ ಮಾತು.

ಮೊದಲು ಲೋಕಲ್ ಅನ್ನೇ ನೋಡೋಣ. ಹೆಸರು ಒಂದೇ ಆದರೂ ಕೆಲಸ ಹಲವು. ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಹಾಲು ಸಾಗಿಸುವ ಗಾಡಿ ಓಡಿಸುವವನಿಗೆ ರೂಟ್ ಗೊತ್ತು, ಹೊತ್ತು ಗೊತ್ತು. ಹಬ್ಬವಿರಲಿ, ಮಳೆಯಿರಲಿ, ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಅವನಿಗೆ ರಜೆ ಎಂಬುದಿಲ್ಲ. ನ್ಯಾಯಬೆಲೆ ಅಂಗಡಿಗೆ ಪಡಿತರದ ಅಕ್ಕಿ ಇಳಿಸುವ ಗಾಡಿಗೆ ತಿಂಗಳಲ್ಲಿ ಕೆಲವು ದಿನ ಉಸಿರಾಡಲೂ ಪುರಸೊತ್ತಿಲ್ಲ, ಉಳಿದ ದಿನ ಬೇರೆ ಬಾಡಿಗೆ ಹುಡುಕಬೇಕು. ಬೊಲೆರೊ ಪಿಕ್‌ಅಪ್ಪು, ಟಾಟಾ ಏಸು, 407 ಇಟ್ಟುಕೊಂಡವರು ತೋಟದಿಂದ ಅಡಿಕೆಯನ್ನು ಶಿವಮೊಗ್ಗದ ಮಂಡಿಗೋ ಶಿರಸಿಯ ಕಡೆಗೋ ಒಯ್ಯುತ್ತಾರೆ, ಹೊಲದಿಂದ ಶುಂಠಿಯನ್ನು ಕಣಕ್ಕೆ ಮುಟ್ಟಿಸುತ್ತಾರೆ, ನಡುನಡುವೆ ಮದುವೆ ಮನೆಯ ಪಾತ್ರೆ, ಶಾಮಿಯಾನ. ಇವೆಲ್ಲ ಮನೆಗೆ ಮರಳುವ ಕೆಲಸಗಳೇ. ಆದರೆ ಎಷ್ಟು ಹೊತ್ತಿಗೆ ಮರಳುತ್ತಾನೆ ಎಂಬುದು ಹಮಾಲರ ಕೈಯಲ್ಲಿದೆ. ಮಂಡಿಯಲ್ಲಿ ಮುಂದೆ ಹತ್ತು ಗಾಡಿಯಿದ್ದರೆ ಮನೆಯ ಊಟ ಆರಿ ತಣ್ಣಗಾಗಿರುತ್ತದೆ.

ಲೋಕಲ್‌ನಲ್ಲಿ ಹುಡುಗರನ್ನು ಹೆಚ್ಚು ಸೆಳೆಯುವುದು ಟಿಪ್ಪರ್. ಜಲ್ಲಿ, ಎಂ-ಸ್ಯಾಂಡ್, ಕೆರೆಯ ಮಣ್ಣು. ಹೇರುವುದಕ್ಕೆ ಜೆಸಿಬಿ, ಇಳಿಸುವುದಕ್ಕೆ ಒಂದು ಗುಂಡಿ ಒತ್ತಿದರಾಯಿತು. ಹಗ್ಗ ಬಿಗಿಯುವ ಗೋಜಿಲ್ಲ, ಹಮಾಲರ ಮುಲಾಜಿಲ್ಲ. ದಿನಕ್ಕೆ ಇಷ್ಟು ಟ್ರಿಪ್ ಹೊಡೆದರೆ ಇಷ್ಟು ಎಂಬ ಲೆಕ್ಕ. ಆ ಲೆಕ್ಕವೇ ಊರ ರಸ್ತೆಯಲ್ಲಿ ಟಿಪ್ಪರು ಯಾಕೆ ಹಾಗೆ ಹಾರುತ್ತದೆ ಎಂಬುದಕ್ಕೂ ಉತ್ತರ. ಅದಕ್ಕಿಂತ ದೊಡ್ಡ ಅಪಾಯ ಕಾಗದದ್ದು. ಮರಳಿಗಾಗಲಿ ಕಲ್ಲಿಗಾಗಲಿ ಗಣಿ ಇಲಾಖೆಯ ಪರ್ಮಿಟ್ ಬೇಕು. ಒಂದೇ ಪರ್ಮಿಟಿನಲ್ಲಿ ಎರಡು ಟ್ರಿಪ್ ಹೊಡೆಸುವ, ರಾತ್ರಿ ಎಬ್ಬಿಸಿ ಹೊಳೆಗೆ ಕಳಿಸುವ ಸಾಹುಕಾರರಿದ್ದರೆ ಸಿಕ್ಕಿಬೀಳುವ ಹೊತ್ತಿಗೆ ಸ್ಟಿಯರಿಂಗ್ ಹಿಂದೆ ಇರುವವನು ಡ್ರೈವರ್. ಠಾಣೆಯಲ್ಲಿ ಮೊದಲು ಬರೆದುಕೊಳ್ಳುವುದು ಅವನ ಹೆಸರನ್ನೇ. "ಸಾಹುಕಾರ್ರು ನೋಡ್ಕೊಂತಾರೆ" ಎಂಬ ಭರವಸೆಯ ಮೇಲೆ ಲೈಸೆನ್ಸನ್ನು ಒತ್ತೆಯಿಡುವುದು ಬುದ್ಧಿವಂತಿಕೆಯಲ್ಲ. ಇಂಥ ಲೋಕಲ್ಲಿಗಿಂತ ಆರುನೂರು ಕಿಲೋಮೀಟರ್ ದೂರದ ಲೈನೇ ವಾಸಿ.

ಆ ಆರುನೂರು ಕಿಲೋಮೀಟರಿನ ಲೈನಿಗೇ ಬರೋಣ. ಈ ಭಾಗದಿಂದ ಹೊರಡುವ ಗೋವಿನಜೋಳದಲ್ಲಿ ಒಳ್ಳೆಯ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ, ಅದರಲ್ಲೂ ತಮಿಳುನಾಡಿನ ನಾಮಕ್ಕಲ್ ಕಡೆಗೆ. ಇದು ಪೂರ್ತಿ ಲೋಕಲ್ಲೂ ಅಲ್ಲ, ದೆಹಲಿಯಂಥ ಉದ್ದದ ಲೈನೂ ಅಲ್ಲ. ಹುಬ್ಬಳ್ಳಿ, ಮಂಗಳೂರು, ಗೋವಾ, ಬೆಂಗಳೂರಿನ ಟ್ರಿಪ್ಪುಗಳೂ ಇದೇ ಜಾತಿಯವು. ಎರಡು ಮೂರು ರಾತ್ರಿ ಹೊರಗೆ, ಆಮೇಲೆ ಮನೆ. ಅಮೆರಿಕದ ಟ್ರಕ್ ಡ್ರೈವರುಗಳು ಲೋಕಲ್, ರೀಜನಲ್ ಎಂದು ಎರಡು ಬಗೆಯ ನೌಕರಿಯ ನಡುವೆ ಹೊಯ್ದಾಡುತ್ತಾರಲ್ಲ, ನಮ್ಮಲ್ಲಿ ಆ ರೀಜನಲ್‌ಗೆ ಹೊಂದುವುದು ಈ ನಾಮಕ್ಕಲ್ ಟ್ರಿಪ್ಪು.

ಟ್ರಿಪ್ಪಿನ ಜಾಡು ಹಿಡಿದು ನೋಡಿ. ಕಣದಲ್ಲಿ ಚೀಲ ತುಂಬಿ, ತೂಕ ಮಾಡಿ, ಲಾರಿಗೆ ಒಟ್ಟುವುದಕ್ಕೆ ಅರ್ಧ ದಿನ. ನಂತರದ್ದು ಡ್ರೈವರನ ಕೆಲಸ: ಎರಡು ಟಾರ್ಪಾಲು ಹಾಸಬೇಕು, ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ಹಿಂದಿನದು ಮೇಲೆ ಬಂದರೆ ಓಡುವ ಗಾಳಿಗೆ ಬಾಯಿ ತೆರೆದು ಮಳೆನೀರು ಒಳಗೆ. ಹಗ್ಗವನ್ನು ಪಕ್ಕದ ಕೊಕ್ಕೆಗಳಿಗೆ ಅಡ್ಡಡ್ಡ ಎಳೆದು, ಕಾಲು ಕೊಟ್ಟು ಬಿಗಿದು, ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಚೀಲ ಕೂತಿರುತ್ತದಾದ್ದರಿಂದ ನಿಲ್ಲಿಸಿ ಇನ್ನೊಮ್ಮೆ ಬಿಗಿಯಬೇಕು. ತೇವ ಹೊಕ್ಕರೆ ಜೋಳ ಬೂಷ್ಟು ಹಿಡಿಯುತ್ತದೆ, ಇಳಿಸುವಲ್ಲಿ ಸರಕು ತಿರಸ್ಕಾರವಾಗುತ್ತದೆ, ಅದರ ಮಾತು ಬಾಡಿಗೆಗೂ ತಟ್ಟುತ್ತದೆ. ಕ್ಲೀನರ್ ಎಂಬ ಹುಡುಗ ಈಗ ಬಹುಪಾಲು ಗಾಡಿಗಳಲ್ಲಿ ಇಲ್ಲ. ಹಾಗಾಗಿ ಹಗ್ಗ ಬಿಗಿಯುವ ಕೈಯೂ ಸ್ಟಿಯರಿಂಗ್ ಹಿಡಿಯುವ ಕೈಯೂ ಒಂದೇ.

ಹೆದ್ದಾರಿ ಹತ್ತಿ ಚಿತ್ರದುರ್ಗ, ತುಮಕೂರು. ಬೆಂಗಳೂರಿನೊಳಗೆ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ನಿರ್ಬಂಧವಿರುವುದರಿಂದ ಊರಾಚೆ ಬಳಸಿಕೊಂಡು ಹೊಸೂರು, ಕೃಷ್ಣಗಿರಿ, ಧರ್ಮಪುರಿ. ಅಲ್ಲಿಂದ ಸೇಲಂಗೆ ಇಳಿಯುವಾಗ ತೊಪ್ಪೂರು ಘಾಟ್. ನಾಲ್ಕು ಪಥದ ನುಣ್ಣನೆಯ ರಸ್ತೆ. ಅದೇ ಅದರ ಮೋಸ. ಭಾರದ ಗಾಡಿ ಇಳಿಜಾರಿನಲ್ಲಿ ತಾನಾಗಿಯೇ ಓಡುತ್ತದೆಂದು ಗೇರ್ ತಪ್ಪಿಸಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋದವರ ಬ್ರೇಕು ಕಾದು ಕೈಕೊಟ್ಟ ಕಥೆಗಳಿಗೆ ಅಲ್ಲಿ ಬರವಿಲ್ಲ. ಮಲೆನಾಡಿನ ಹುಡುಗನಿಗೆ ಘಾಟಿ ಹೊಸತಲ್ಲ, ದೇವಿಮನೆಯ ತಿರುವುಗಳನ್ನು ಅವನು ನಿದ್ದೆಗಣ್ಣಲ್ಲೂ ಬಲ್ಲ. ಆದರೆ ಆ ಘಾಟಿಗಳು ಇಕ್ಕಟ್ಟಾಗಿ, ಕಣ್ಣಿಗೆ ಕಾಣುವಂತೆ ಹೆದರಿಸುತ್ತವೆ. ತೊಪ್ಪೂರು ಹೆದರಿಸುವುದಿಲ್ಲ.

ಓಡಿದ್ದು ಎರಡು ದಿನ. ಇನ್ನು ಕಾಯುವುದು. ಫೀಡ್ ಮಿಲ್ಲಿನ ಮುಂದೆ ಸಾಲು, ತೇವಾಂಶದ ಪರೀಕ್ಷೆ, ತೂಕ, ಅನ್‌ಲೋಡ್. ಕೆಲವೊಮ್ಮೆ ಅರ್ಧ ದಿನ, ಕೆಲವೊಮ್ಮೆ ಎರಡು. ಬರಿಗೈಲಿ ವಾಪಸ್ ಬಂದರೆ ಸಾಹುಕಾರರಿಗೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಆದ್ದರಿಂದ ಸೇಲಂ ಅಥವಾ ಬೆಂಗಳೂರಿನ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ರಿಟರ್ನ್ ಲೋಡಿಗೆ ಮತ್ತೊಂದು ಕಾಯುವಿಕೆ.

ಈಗ ದುಡ್ಡಿನ ಮಾತು. ಬರೀ ಲೆಕ್ಕಕ್ಕೆಂದು ಈ ಟ್ರಿಪ್ಪಿಗೆ 4,000 ರೂಪಾಯಿ ಬಾಟಾ (ಡ್ರೈವರಿನ ಭತ್ಯೆ) ಎಂದಿಟ್ಟುಕೊಳ್ಳಿ. ನಾಲ್ಕು ದಿನಕ್ಕೆ ಮುಗಿದರೆ ದಿನಕ್ಕೆ 1,000. ಊಟ, ಚಹಾ, ಸ್ನಾನಕ್ಕೆಂದು ದಿನಕ್ಕೆ 300 ಕಳೆದರೆ ಕೈಗೆ 700. ಅದೇ ಟ್ರಿಪ್ಪು ಏಳು ದಿನ ಎಳೆದರೆ ದಿನಕ್ಕೆ 571, ಖರ್ಚು ಕಳೆದರೆ 271. ಊರಲ್ಲೇ ದಿನಕ್ಕೆ 700ಕ್ಕೆ ಪಿಕ್‌ಅಪ್ ಓಡಿಸುವವನು ಮನೆಯಲ್ಲೇ ಉಂಡು ಅಷ್ಟನ್ನೂ ಉಳಿಸಿಕೊಳ್ಳುತ್ತಾನೆ. ಅಂದರೆ ಇಬ್ಬರೂ ಸಮನಾಗುವುದು ನಾಲ್ಕನೆಯ ದಿನಕ್ಕೆ. ಐದನೆಯ ದಿನದಿಂದ ಲೈನಿನವನದು ಇಳಿಜಾರು. ಬಾಡಿಗೆ ಮಾತಾಡುವಾಗ ಹುಡುಗರು ಕೇಳುವುದು 'ಟ್ರಿಪ್ಪಿಗೆ ಎಷ್ಟು' ಎಂದು. ಕೇಳಬೇಕಾದ್ದು 'ನಿಂತ ದಿನಕ್ಕೆ ಎಷ್ಟು' ಎಂದು. ಗಾಡಿ ನಿಂತರೆ ಮಾಲಿನವರಿಂದ ಹಾಲ್ಟಿಂಗ್ ವಸೂಲಿ ಮಾಡುವ ಮಾಲೀಕರಿದ್ದಾರೆ. ಅದರಲ್ಲಿ ಡ್ರೈವರಿಗೆ ಎಷ್ಟು ಬರುತ್ತದೆಂಬುದನ್ನು ಗಾಡಿ ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಂಡವನು ಜಾಣ. ಅಮೆರಿಕದಲ್ಲೂ ಮೈಲಿಗೆ ಇಷ್ಟು ಎಂದು ಸಂಬಳ ಪಡೆಯುವ ಡ್ರೈವರುಗಳ ಹಳೆಯ ತಕರಾರು ಇದೇ: ಗೋದಾಮಿನ ಬಾಗಿಲಲ್ಲಿ ಕಾದ ಗಂಟೆಗಳಿಗೆ ಮೈಲಿಯಿಲ್ಲ.

ದೊಡ್ಡ ಲೈನು ಅಂದರೆ ಶುಂಠಿ, ಬನವಾಸಿ-ಸೊರಬ ಸೀಮೆಯ ಅನಾನಸು. ದೆಹಲಿ ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹಸಿ ಶುಂಠಿ ದಾರಿಯಲ್ಲಿ ತೂಕ ಕಳೆದುಕೊಳ್ಳುತ್ತದೆ, ಅನಾನಸು ಕೊಳೆಯುತ್ತದೆ. ಹಾಗಾಗಿ ವ್ಯಾಪಾರಿಯ ಫೋನು ದಾರಿಯುದ್ದಕ್ಕೂ ಬರುತ್ತಲೇ ಇರುತ್ತದೆ. ಒಣಗಿದ ಅಡಿಕೆಯ ಲೋಡಿಗಾದರೆ ಇ-ವೇ ಬಿಲ್ ಬೇಕು, 2021ರಿಂದ ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನದಂತೆ. ಅದರ ಪ್ರಕಾರ ದೆಹಲಿಗೆ ಹತ್ತು ದಿನ ಸಿಗುತ್ತದೆ. ಹಸಿ ಶುಂಠಿಗೆ ಆ ಬಿಲ್ಲಿನ ಹಂಗಿಲ್ಲ. ಅಲ್ಲಿ ಗಡುವು ಹಾಕುವುದು ಮಾರುಕಟ್ಟೆ, ಅದೂ ಮೂರೇ ದಿನಕ್ಕೆ ಬೇಕೆಂದು ಪಟ್ಟು ಹಿಡಿಯುತ್ತದೆ.

ಮೂರು ದಿನ ಸಾಧ್ಯವೇ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಗೊತ್ತುಮಾಡಿತು. ದೂರದ ಮಾರ್ಗಕ್ಕೆ ಅನುಮತಿಯ ಮೇಲೆ ದಿನಕ್ಕೆ ಹತ್ತು, ವಾರಕ್ಕೆ 54ರವರೆಗೆ ಹೋಗಬಹುದಿತ್ತು. ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಬೇಕಿತ್ತು. ಆ ಕಾಯ್ದೆ ಐದು ಮಂದಿಗಿಂತ ಕಡಿಮೆ ನೌಕರರಿರುವ ಕಡೆ ನೇರವಾಗಿ ಅನ್ವಯಿಸುತ್ತಿರಲಿಲ್ಲವಾದರೂ 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಅದೇ ಗಂಟೆಗಳನ್ನು ಸಾರಿಗೆ ವಾಹನ ನಡೆಸುವ ಎಲ್ಲರಿಗೂ ವಿಧಿಸಿತು. ಒಂದೇ ಲಾರಿಯ ಸಾಹುಕಾರರಿಗೂ ಅದರಿಂದ ವಿನಾಯಿತಿಯಿಲ್ಲ. ಹಳೆಯ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಿದ್ದಾರೆ. ಹತ್ತು ಗಂಟೆಯ ಲೆಕ್ಕವನ್ನೇ ಹಿಡಿಯೋಣ. ತಾಸಿಗೆ ಸರಾಸರಿ 45 ಕಿಲೋಮೀಟರ್ ಸಾಗಿದರೂ ದಿನಕ್ಕೆ 450. ದೆಹಲಿ ಮುಟ್ಟುವುದು ಐದನೆಯ ದಿನ. ಮೂರೇ ದಿನಕ್ಕೆ ಮುಟ್ಟಬೇಕಾದರೆ ದಿನಕ್ಕೆ ಹದಿನಾಲ್ಕು ಗಂಟೆ ಸ್ಟಿಯರಿಂಗ್ ಬಿಡುವಂತಿಲ್ಲ. ಇಬ್ಬರಿದ್ದರೆ ಸರಾಗ. ಆದರೆ ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಡ್ರೈವರುಗಳು ಇರಲೇಬೇಕೆಂಬ ಹಳೆಯ ನಿಯಮವನ್ನು 2018ರಲ್ಲಿ ಕೈಬಿಟ್ಟರು. ಖರ್ಚು ಇಳಿಯಿತು ಎಂದು ಉದ್ಯಮ ಸಂತೋಷಪಟ್ಟಿತು. ಇಳಿದ ಖರ್ಚು ಯಾರ ನಿದ್ದೆಯಿಂದ ಬಂತು ಎಂದು ಕೇಳಿದವರು ಕಡಿಮೆ.

2020ರಲ್ಲಿ ಹೊರಬಂದ ವರದಿಗಾಗಿ ಸೇವ್ ಲೈಫ್ ಫೌಂಡೇಶನ್ ಸಂಸ್ಥೆ ದೇಶದ ಹತ್ತು ನಗರಗಳ ಟ್ರಕ್ ಡ್ರೈವರುಗಳನ್ನು ಮಾತಾಡಿಸಿದಾಗ ಅವರು ದಿನಕ್ಕೆ ಸುಮಾರು 12 ಗಂಟೆ ಓಡಿಸುತ್ತಿದ್ದರು. ದಣಿವಿನಲ್ಲೋ ತೂಕಡಿಕೆಯಲ್ಲೋ ಓಡಿಸಿದ್ದುಂಟು ಎಂದು ಒಪ್ಪಿಕೊಂಡವರು ಹೆಚ್ಚುಕಡಿಮೆ ಅರ್ಧದಷ್ಟು. ತಮ್ಮ ಮನೆಯವರಿಗೆ ಈ ಕೆಲಸ ಬೇಡ ಎಂದವರು 84 ಪ್ರತಿಶತ. ಹೊಸ ಲಾರಿಗಳ ಕ್ಯಾಬಿನ್ನಿಗೆ 2025ರಿಂದ ಏಸಿ ಕಡ್ಡಾಯವಾಗಿದೆ, ಒಳ್ಳೆಯದೇ. ಹದಿನಾಲ್ಕನೆಯ ಗಂಟೆಯ ತೂಕಡಿಕೆ ತಂಪಿನಲ್ಲಿ ಇನ್ನಷ್ಟು ಸೊಗಸಾಗಿ ಬರುತ್ತದೆಂಬುದು ಬೇರೆ ಮಾತು.

ಹಾಗೆಂದು ದೂರದ ದಾರಿ ಈ ಸೀಮೆಗೆ ಹೊಸದೇನಲ್ಲ. ಕುಬಟೂರು ಶಾಸನಗಳ ಕಾಲದ ಕುಪ್ಪಟೂರು. ಕೈಟಭೇಶ್ವರ ಗುಡಿಯ ಕಂಬಗಳು ಏಳುತ್ತಿದ್ದ ಆ ಕಾಲದಲ್ಲಿ ಪಕ್ಕದ ಬಳ್ಳಿಗಾವಿ ದೊಡ್ಡ ಪೇಟೆ. ಅಯ್ಯಾವೊಳೆ ಐನೂರ್ವರ ಸಂಘದ ವರ್ತಕರು ಕತ್ತೆ, ಕೋಣಗಳ ಮೇಲೆ ಸರಕು ಹೇರಿ ನಾಡುನಾಡು ಸುತ್ತಿದ್ದನ್ನು ಅಲ್ಲಿನ ಹನ್ನೊಂದನೇ ಶತಮಾನದ ಶಾಸನವೊಂದು ಬಣ್ಣಿಸುತ್ತದೆ. ಆ ಸಂಘಗಳಲ್ಲೂ ಊರಲ್ಲಿದ್ದು ವ್ಯಾಪಾರ ಮಾಡುವವರು, ಹೊರನಾಡಿಗೆ ಹೋಗುವವರು ಎಂಬ ಎರಡು ಪಂಗಡಗಳಿದ್ದವು. ಹೊರಗೆ ಹೋಗುವವರು ಕಾವಲಿನವರನ್ನು ಕಟ್ಟಿಕೊಂಡು ಗುಂಪಾಗಿ ಹೋಗುತ್ತಿದ್ದರು. ಈಗಿನವನು ಒಬ್ಬನೇ ಹೋಗುತ್ತಾನೆ, ರಾತ್ರಿ ಡೀಸೆಲ್ ಕಳ್ಳರಿಂದ ಟ್ಯಾಂಕು ಕಾಯುವವನೂ ಅವನೇ.

ಎಲ್ಲಿ ನಿಲ್ಲಿಸಿ ಮಲಗುತ್ತಾನೆ ಎಂಬುದು ಚಿಕ್ಕ ಪ್ರಶ್ನೆಯಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಪಕ್ಕದ ಚಹಾ ಅಂಗಡಿಯೂ ಅಲ್ಲಿ ನಿಂತಿದ್ದ ಗಾಡಿಗಳೂ ಗಂಗಾವಳಿಯ ಪಾಲಾದವು. ಮರದ ಲೋಡಿನ ಲಾರಿಯೊಂದು, ಅದರೊಳಗೆ ಡ್ರೈವರನ ಶವ, ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಮಳೆಗಾಲದಲ್ಲಿ ಘಾಟಿಯ ಕಡೆ ಹೋಗುವವರಿಗೆ ಹಿರಿಯರು ಹೇಳುವುದು ಎಷ್ಟು ಬೇಗ ಮುಟ್ಟಬೇಕೆಂದಲ್ಲ, ಗುಡ್ಡದ ಕೆಳಗೆ ಗಾಡಿ ಹಾಕಬೇಡ ಎಂದು. ಆದರೆ ಭಾರದ ಗಾಡಿ ನಿಲ್ಲಿಸಲು ಬೇರೆ ಜಾಗ ಎಲ್ಲಿದೆ? ಟೋಲ್ ಕಟ್ಟುವ ರಸ್ತೆಯಲ್ಲೂ ಲಾರಿಯವರಿಗೆ ಮೀಸಲಾದ ಕಕ್ಕಸು, ನೀರು, ಬೆಳಕು ಇರುವ ನಿಲ್ದಾಣ ಎಲ್ಲೋ ಒಂದು.

ಲೈಸೆನ್ಸಿನ ಮಾತನ್ನು ಬೇಗ ಮುಗಿಸುತ್ತೇನೆ. ಸಾರಿಗೆ ವಾಹನಕ್ಕೆ ಇಪ್ಪತ್ತು ತುಂಬಿರಬೇಕು, ಭಾರಿ ವಾಹನದ ಕಲಿಕಾ ಲೈಸೆನ್ಸ್ (ಎಲ್‌ಎಲ್) ಮಾಡಿಸಲು ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ಹೋಯಿತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದ್ದರಿಂದ ಪಿಕ್‌ಅಪ್, 407ರವರ ವಿಮೆಯ ತಲೆನೋವು ತಗ್ಗಿದೆ. ಆರು ಚಕ್ರದ ಲಾರಿಗೆ ಇದು ನಡೆಯದು. ಅದರ ಒಟ್ಟು ತೂಕದ ಮಿತಿ 2018ರ ಆದೇಶದಂತೆ ಹದಿನೆಂಟೂವರೆ ಟನ್, ಹತ್ತು ಚಕ್ರದ್ದು 28.5 ಟನ್.

ಹೆಣ್ಣು ಕೇಳಲು ಹೋದಾಗ "ಹುಡುಗ ಲೈನಿನ ಮೇಲಿರ್ತಾನಂತೆ" ಎಂದು ಮೂಗು ಮುರಿಯುವವರು ನಮ್ಮ ಕಡೆ ಇದ್ದಾರೆ. ಅದು ಕುಡಿತ, ಕಾಯಿಲೆಗಳ ಬಗೆಗಿನ ಹಳೆಯ ಪೂರ್ವಗ್ರಹ ಮಾತ್ರವಲ್ಲ. ಗದ್ದೆ ನಾಟಿಗೆ, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ, ಮಗುವನ್ನು ಶಾಲೆಗೆ ಸೇರಿಸುವುದಕ್ಕೆ ಇಲ್ಲದ ಗಂಡನ ಕೆಲಸವೆಲ್ಲ ಹೆಂಡತಿಯ ಮೇಲೆ ಬೀಳುತ್ತದೆ ಎಂಬುದು ಆ ಹೆಣ್ಣುಮಕ್ಕಳ ತಾಯಂದಿರಿಗೆ ಗೊತ್ತು. ಅವನ ಬಾಟಾದಲ್ಲಿ ಅವಳ ಪಾಲೂ ಇದೆ. ಎರಡು ಎಕರೆ ಜಮೀನಿರುವವನಿಗೆ ಈ ಲೆಕ್ಕ ಇನ್ನೂ ಬಿಗಿ. ಅವನು ಲೈನಿಗೆ ಹೋದ ದಿನಗಳಲ್ಲಿ ಹೊಲಕ್ಕೆ ಇಡುವ ಆಳಿನ ಕೂಲಿಯನ್ನು ಬಾಟಾದಿಂದ ಕಳೆದೇ ನೋಡಬೇಕು.

ಸಾಹುಕಾರರು ಒಂದು ಲಾರಿಯವರೋ ದೊಡ್ಡ ಕಂಪನಿಯವರೋ ಎಂಬುದೂ ದೂರದಷ್ಟೇ ಮುಖ್ಯ. ಇಪ್ಪತ್ತು ಮಂದಿ ನೌಕರರಿರುವ ಕಡೆ ಪಿಎಫ್ ಇರಬೇಕು, ಹತ್ತು ಮಂದಿಯಿದ್ದರೆ ಇಎಸ್‌ಐ ಲೆಕ್ಕಕ್ಕೆ ಬರುತ್ತದೆ. ಊರಿನ ಒಂಟಿ ಲಾರಿಯಲ್ಲಿ ಎರಡೂ ಇಲ್ಲ. ಅದರ ಬದಲು ಅಲ್ಲಿರುವುದು ಮುಖಪರಿಚಯ: ಹಬ್ಬಕ್ಕೆ ಮುಂಗಡ, ಮಗಳ ಮದುವೆಗೆ ಕೈಸಾಲ. ಮುಂಗಡವೇ ಕಾಲಿಗೆ ಸರಪಳಿಯಾಗುವುದೂ ಉಂಟು. ಒಂದು ಮಾತನ್ನು ಬಹಳ ಡ್ರೈವರುಗಳು ಮರೆಯುತ್ತಾರೆ. ಕೆಲಸದ ಮೇಲಿದ್ದಾಗ ಜೀವಹಾನಿ, ಅಂಗಹಾನಿಯಾದರೆ ನೌಕರರ ಪರಿಹಾರದ ಕಾನೂನು ಒಂದೇ ಲಾರಿಯಿದ್ದರೂ ಅನ್ವಯಿಸುತ್ತದೆ, ಗಾಡಿಯ ವಿಮೆಯಲ್ಲಿ ಡ್ರೈವರಿನ ಹೊಣೆಯೂ ಸೇರುತ್ತದೆ. ಆದರೆ ವಿಮೆ ಚಾಲ್ತಿಯಲ್ಲಿರಬೇಕು, ಫಿಟ್‌ನೆಸ್ ಸರ್ಟಿಫಿಕೇಟು (ಎಫ್‌ಸಿ) ಆಗಿರಬೇಕು, ನೀನು ಆ ಗಾಡಿಯ ಡ್ರೈವರ್ ಎಂಬುದಕ್ಕೆ ತೋರಿಸಲು ಏನಾದರೂ ಇರಬೇಕು. ಟ್ರಿಪ್ ಶೀಟು, ಫೋನ್‌ಪೇಯಲ್ಲಿ ಬಂದ ಬಾಟಾ, ಯಾವುದಾದರೂ ಸರಿ. ನಗದಿನಲ್ಲಿ ಬಾಟಾ ಪಡೆದು ಬಾಯಿಮಾತಿನಲ್ಲೇ ವರ್ಷಗಟ್ಟಲೆ ಓಡಿಸಿದವನ ಮನೆಯವರು ಕಚೇರಿ ಅಲೆಯುವಾಗ ಕೈಯಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ. ಖಾಸಗಿ ವಾಣಿಜ್ಯ ವಾಹನಗಳ ಚಾಲಕರಿಗೆಂದು ರಾಜ್ಯ ಸರ್ಕಾರದ ಅಪಘಾತ ಪರಿಹಾರ ಯೋಜನೆಯಿದೆ, ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ.

ನನ್ನನ್ನು ಕೇಳಿದರೆ ಮೊದಲೆರಡು ವರ್ಷ ಊರ ಗಾಡಿಯೇ ಸರಿ, ಆದರೆ ಮರಳಿನ ಟಿಪ್ಪರಲ್ಲ. ಪಿಕ್‌ಅಪ್ಪಿನಲ್ಲಿ ಹಮಾಲರ ಜೊತೆ ಏಗುವುದನ್ನು, ಹಗ್ಗ ಬಿಗಿಯುವುದನ್ನು, ಜೋಳ ಹರವಿದ ರಸ್ತೆಯಲ್ಲಿ ತಾಳ್ಮೆಯಿಂದ ಹಾಯುವುದನ್ನು ಕಲಿತವನಿಗೆ ಲಾರಿ ಕಷ್ಟವಾಗದು. ಆಮೇಲೆ ಸುಗ್ಗಿಯ ನಾಲ್ಕು ತಿಂಗಳು ನಾಮಕ್ಕಲ್, ಬೆಂಗಳೂರು, ಮಂಗಳೂರಿನಂಥ ನಡು ಲೈನು, ಮಳೆಗಾಲಕ್ಕೆ ಹೊಲ ಮತ್ತು ಲೋಕಲ್. ಈಗಾಗಲೇ ಹೀಗೆ ಕಾಲಕ್ಕೆ ತಕ್ಕಂತೆ ಗಾಡಿ ಬದಲಿಸುವವರು ಇದ್ದಾರೆ. ಸಾಹುಕಾರರಿಗೆ ಇದು ಸರಿಬರುವುದಿಲ್ಲ, ಅವರಿಗೆ ವರ್ಷವಿಡೀ ಒಬ್ಬನೇ ಬೇಕು. ಸಾರಿಗೆ ನಿಗಮದ ಬಸ್ಸಿನ ಕೆಲಸದ ಮೇಲೆ ಕಣ್ಣಿಟ್ಟವರಿಗೆ ಭಾರಿ ವಾಹನದ ಅನುಭವ ಬೇಕಾಗುವುದರಿಂದ ಅವರು ಲಾರಿಯನ್ನು ಮೆಟ್ಟಿಲೆಂದೇ ಹತ್ತುತ್ತಾರೆ, ಅದೂ ತಪ್ಪಲ್ಲ. ದೆಹಲಿ ಲೈನಿಗೆ ಇಬ್ಬರು ಡ್ರೈವರುಗಳಿದ್ದರೆ ಹೋಗು, ಒಬ್ಬನೇ ಎಂದರೆ ಬೇಡ.

ಇನ್ನು ಕೆಲವು ವರ್ಷಗಳಲ್ಲಿ ಈ ಪ್ರಶ್ನೆಯ ರೂಪವೇ ಬದಲಾಗಬಹುದು. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ರೈಲು ಮಾರ್ಗದ ಕೆಲಸ ನಡೆಯುತ್ತಿದೆ. ಶಿಕಾರಿಪುರದ ಸುತ್ತ ಎಲ್ಲಾದರೂ ಗೂಡ್ಸ್ ಶೆಡ್ ಬಂದು ಗೋವಿನಜೋಳ ಗೂಡ್ಸ್ ರೈಲಿನ ರೇಕಿನಲ್ಲಿ ಸೇಲಂ ಕಡೆಗೆ ಹೋಗತೊಡಗಿದರೆ ನಾಮಕ್ಕಲ್‌ನ ಲಾರಿ ಟ್ರಿಪ್ಪುಗಳು ಕಡಿಮೆಯಾಗುತ್ತವೆ, ಕಣದಿಂದ ಸ್ಟೇಷನ್ನಿಗೆ ಹೊಡೆಯುವ ಲೋಕಲ್ ಟ್ರಿಪ್ಪುಗಳು ಹೆಚ್ಚುತ್ತವೆ. ರೇಕು ತುಂಬಿಸಲು ರೈಲ್ವೆ ಕೊಡುವುದು ಕೆಲವೇ ಗಂಟೆಗಳ ಕಾಲಾವಕಾಶ, ಮೀರಿದರೆ ದಂಡ. ಸ್ಟೇಷನ್ನಿನ ಗೇಟಿನಲ್ಲಿ ಸಾಲುಗಟ್ಟಿ ನಿಲ್ಲುವ ಆ ಲಾರಿಗಳ ಡ್ರೈವರುಗಳಿಗೆ ಕಾದ ಹೊತ್ತಿನ ಕೂಲಿ ಎಷ್ಟೆಂಬುದನ್ನು ಗುತ್ತಿಗೆ ಆಗುವ ಮೊದಲೇ ಕೇಳಿಡಬೇಕು.